ಲಿನಕ್ಸಿನಲ್ಲಿ ವಿಂಡೋಸ್ ತಂತ್ರಾಂಶ: ದುಭಾಷಿಯೂ ರೋಗಾಣುವೂ

ಒಂದು ಕಾಲದಲ್ಲಿ ಶಾಲೆಯ ದಾಖಲೆಗಳೆಂದರೆ ಕೆಂಪು ಬಟ್ಟೆಯ ಗಂಟು, ಕಬ್ಬಿಣದ ಪೆಟ್ಟಿಗೆ ಮತ್ತು ಗುಮಾಸ್ತರ ಕೈಬರಹ. ಅವುಗಳ ಶತ್ರುಗಳು ಗೆದ್ದಲು ಮತ್ತು ಮಳೆನೀರು ಎರಡೇ. ಈಗ ಪ್ರವೇಶದ ವಹಿ, ಅಂಕಪಟ್ಟಿ, ದಾಸೋಹದ ಲೆಕ್ಕ, ಹಳೆಯ ವಿದ್ಯಾರ್ಥಿಗಳ ವಿಳಾಸ, ಇಂತಹ ಸಂಚಿಕೆಗಳ ಹಸ್ತಪ್ರತಿ, ಇವೆಲ್ಲವೂ ಗಣಕಯಂತ್ರದ ಉದರದಲ್ಲಿ ವಾಸಮಾಡುತ್ತಿವೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಂತಹ ಊರುಗಳ ಶಾಲೆಗಳಿಗೆ ಈ ಯಂತ್ರಗಳು ಬಹುಮಟ್ಟಿಗೆ ದಾನಿಗಳ ಔದಾರ್ಯದಿಂದ ಬಂದವು, ಆದಕಾರಣ ವಯಸ್ಸಾದವು. ಅವುಗಳಲ್ಲಿ ನಡೆಯುತ್ತಿದ್ದ ವಿಂಡೋಸ್ 7ಕ್ಕೆ ಅದರ ಕಂಪನಿಯು 2020ರ ಜನವರಿ 14ರಂದು ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಬಾಗಿಲಲ್ಲೇ ತಡೆಯುತ್ತದೆ. ಹೀಗಿರಲಾಗಿ, ದಾನವಾಗಿ ಬಂದ ಯಂತ್ರವನ್ನು ಮೂಲೆಗೆಸೆಯಲಾರದ ಸಂಸ್ಥೆಗಳು ಉಚಿತವೂ ಹಗುರವೂ ಆದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯತ್ತ ನೋಡುವುದು ಸಹಜವಾಗಿದೆ.

ಇದು ಹೊಸ ಸಾಹಸವೇನೂ ಅಲ್ಲ. ನೆರೆಯ ಕೇರಳದಲ್ಲಿ ಸರಕಾರದ ಶಾಲಾ ಗಣಕಶಿಕ್ಷಣವು ಬಹುಕಾಲದಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ. ಆದರೆ ಕನ್ನಡ ನಾಡಿನ ಕಚೇರಿಗಳಲ್ಲಿ ಒಂದು ತೊಡಕು ಉಂಟು. ಕನ್ನಡ ಗಣಕ ಪರಿಷತ್ತಿನ 'ನುಡಿ', ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ 'ಬರಹ', ಇವೆರಡೂ ವಿಂಡೋಸಿಗಾಗಿ ಹುಟ್ಟಿದವು. ವರ್ಷಾನುಗಟ್ಟಲೆಯ ಕನ್ನಡ ಕಡತಗಳು ಇವುಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಇರುವುದರಿಂದ, ಲಿನಕ್ಸಿಗೆ ಬಂದವರೂ ಇವನ್ನು ಬಿಟ್ಟಿರಲಾರರು. ಆಗ ಯಾರೋ ಬಲ್ಲವರು 'ವೈನ್' ಎಂಬ ಉಪಾಯವನ್ನು ತೋರಿಸುತ್ತಾರೆ.

ಮಠದ ಶಾಲೆಯಲ್ಲಿ ಈ ಹೆಸರನ್ನು ಕೇಳಿ ಹುಬ್ಬೇರಿಸಬೇಕಾಗಿಲ್ಲ. 'ವೈನ್ ಅನುಕಾರಿಯಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯದ ಮೊದಲಕ್ಷರಗಳ ಕೂಡಿಕೆ ಅದು. 1993ರಲ್ಲಿ ಆರಂಭವಾದ ಈ ತಂತ್ರಾಂಶ ಹದಿನೈದು ವರ್ಷಗಳ ಬಳಿಕ, 2008ರಲ್ಲಿ, ತನ್ನ 1.0 ಆವೃತ್ತಿಯನ್ನು ಕಂಡಿತು. ಅನುಕಾರಿಯು ಒಂದು ಯಂತ್ರದೊಳಗೆ ಮತ್ತೊಂದು ಯಂತ್ರದ ವೇಷವನ್ನು ಕಟ್ಟುತ್ತದೆ. ವೈನ್ ಹಾಗೆ ಮಾಡುವುದಿಲ್ಲ. ಅದು ಕೇವಲ ದುಭಾಷಿ. ವಿಂಡೋಸ್ ತಂತ್ರಾಂಶವು 'ಈ ಕಡತವನ್ನು ತೆರೆ', 'ಇದನ್ನು ಅಳಿಸು' ಎಂದು ತನ್ನ ಭಾಷೆಯಲ್ಲಿ ಕೇಳಿದರೆ, ವೈನ್ ಅದನ್ನು ಲಿನಕ್ಸಿಗೆ ತಿಳಿಯುವಂತೆ ತಿರುಗಿಸಿ ಹೇಳುತ್ತದೆ. ಹೇಳಿದವನು ಸಜ್ಜನನೋ ದುರ್ಜನನೋ ಎಂದು ವಿಚಾರಿಸುವುದು ದುಭಾಷಿಯ ಕೆಲಸವಲ್ಲ.

ಇಲ್ಲಿಯೇ ಒಂದು ದೊಡ್ಡ ಭ್ರಮೆ ಮನೆಮಾಡಿಕೊಂಡಿದೆ. 'ಲಿನಕ್ಸಿಗೆ ವೈರಸ್ ಬಾಧೆಯಿಲ್ಲ. ಆದ್ದರಿಂದ ಅದರೊಳಗೆ ಓಡುವ ವಿಂಡೋಸ್ ತಂತ್ರಾಂಶಕ್ಕೂ ಬಾಧೆಯಿಲ್ಲ' ಎಂಬ ಮಾತು ತರ್ಕದಂತೆ ಕಂಡರೂ ತರ್ಕಾಭಾಸವೇ ಸರಿ. ವಿಂಡೋಸಿಗೆಂದು ಬರೆದ ರೋಗಾಣುವು ಬರಿಯ ಲಿನಕ್ಸಿನಲ್ಲಿ ನಿಶ್ಚೇಷ್ಟಿತವಾಗಿ ಬಿದ್ದಿರುತ್ತದೆಯೆಂಬುದು ನಿಜ. ಅದರ ಭಾಷೆ ಅಲ್ಲಿ ಯಾರಿಗೂ ಅರ್ಥವಾಗದು. ವೈನ್ ಸ್ಥಾಪಿಸಿದೊಡನೆ ಅರ್ಥಮಾಡಿಸುವವನೊಬ್ಬ ಬಂದಂತಾಯಿತು. ವೈನ್ ಪಾಲಿಗೆ ರೋಗಾಣುವೂ ಒಂದು ತಂತ್ರಾಂಶವೇ. ಮ್ಯಾಕ್ ಯಂತ್ರಗಳಲ್ಲಿ ವೈನ್ ಬಳಸುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಾನಿಯ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು. ಸಾಮಾನ್ಯ ಬಳಕೆದಾರನ ಹೆಸರಿನಲ್ಲಿ ವೈನ್ ಓಡಿದರೆ, ಲಿನಕ್ಸಿನ ಮೂಲ ಕಡತಗಳನ್ನು ಮುಟ್ಟಲು ರೋಗಾಣುವಿಗೆ ಅಧಿಕಾರವಿರದು. ಆದರೆ ಆ ಬಳಕೆದಾರನು ತಾನೇ ಅಳಿಸಬಲ್ಲ ಕಡತಗಳನ್ನೆಲ್ಲ ಅದೂ ಅಳಿಸಬಲ್ಲದು. ವೈನ್ 'ಸಿ' ಎಂಬ ಕೃತಕ ಡ್ರೈವನ್ನು ಒಂದು ಗುಪ್ತ ಸಂಪುಟದಲ್ಲಿ ಇಟ್ಟಿರುವುದು ನಿಜ. ಜೊತೆಗೆ 'ಝಡ್' ಎಂಬ ಡ್ರೈವಿನ ಹೆಸರಿನಲ್ಲಿ ಲಿನಕ್ಸಿನ ಇಡೀ ಕಡತವೃಕ್ಷವನ್ನೇ ತೆರೆದು ತೋರಿಸುತ್ತದೆ. 'ಡಾಕ್ಯುಮೆಂಟ್ಸ್' ಎಂದು ಅದು ತೋರಿಸುವುದೂ ಸಾಮಾನ್ಯವಾಗಿ ಬಳಕೆದಾರನ ನಿಜವಾದ ದಾಖಲೆಗಳ ಸಂಪುಟವನ್ನೇ. ಯಂತ್ರ ಕೆಟ್ಟರೆ ಒಂದು ಮಧ್ಯಾಹ್ನದಲ್ಲಿ ಮರಳಿ ಸಿದ್ಧಪಡಿಸಬಹುದು, ಲಿನಕ್ಸಿಗೆ ಹಣ ತೆರಬೇಕಾಗಿಯೂ ಇಲ್ಲ. ಮೂವತ್ತು ವರ್ಷಗಳ ಪ್ರವೇಶದ ವಹಿಯನ್ನು ಮರಳಿ ತರುವವರು ಯಾರು? ವ್ಯವಸ್ಥೆಯು ಉಳಿಯಿತೆಂದು ಸಂತೋಷಪಡುವುದು ಪೆಟ್ಟಿಗೆ ಉಳಿದು ಒಡವೆ ಹೋದಂತೆಯೇ ಸರಿ.

2017ರ ಮೇ ತಿಂಗಳಿನಲ್ಲಿ 'ವಾನಾಕ್ರೈ' ಎಂಬ ಸುಲಿಗೆಯ ತಂತ್ರಾಂಶವು ಲೋಕದಾದ್ಯಂತ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿಯಿತು. ಕಡತಗಳನ್ನು ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುವುದು ಅದರ ವೃತ್ತಿ. ಅದನ್ನು ಬೇಕೆಂದೇ ವೈನ್‌ನಲ್ಲಿ ಓಡಿಸಿ ನೋಡಿದ ಪರೀಕ್ಷಕರ ಕಣ್ಣೆದುರಿಗೇ ಅದು ಲಿನಕ್ಸಿನ ಕಡತಗಳನ್ನೂ ಗೂಢಲಿಪಿಗೆ ತಿರುಗಿಸಿತು.

ಊರೂರುಗಳಲ್ಲಿ ರೋಗಾಣುವಿನ ವಾಹನವೆಂದರೆ ಪೆನ್ ಡ್ರೈವ್. ಅರಕಲಗೂಡಿನ ಶಾಲೆಯಿಂದ ಹಾಸನದ ಮುದ್ರಣಾಲಯಕ್ಕೆ, ಅಲ್ಲಿಂದ ಚನ್ನರಾಯಪಟ್ಟಣದ ಝೆರಾಕ್ಸ್ ಅಂಗಡಿಗೆ, ಮತ್ತೆ ಶಾಲೆಯ ಕಚೇರಿಗೆ ಅದು ಜಂಗಮದಂತೆ ಸಂಚರಿಸುತ್ತದೆ. ಬಹಳ ಹಳೆಯದಾದ ಒಂದು ವಂಚನೆ ಹೀಗಿದೆ: ರೋಗಾಣುವು ಡ್ರೈವಿನಲ್ಲಿರುವ ನಿಜವಾದ ಸಂಪುಟವನ್ನು ಮರೆಮಾಡಿ, ಅದೇ ಹೆಸರಿನ, ಸಂಪುಟದಂತೆಯೇ ಚಿತ್ರವಿರುವ ತನ್ನ ಕಡತವನ್ನು ಮುಂದಿಡುತ್ತದೆ. ವಿಂಡೋಸ್ ಕಡತದ ಹೆಸರಿನ ಬಾಲವನ್ನು ವಾಡಿಕೆಯಾಗಿ ಮರೆಮಾಡುವುದರಿಂದ ಮೋಸ ತಿಳಿಯದು. ಲಿನಕ್ಸಿನಲ್ಲಿ ಕೊನೆಯ 'ಇ ಎಕ್ಸ್ ಇ' ಎಂಬ ಮೂರಕ್ಷರ ಕಾಣಿಸುತ್ತದೆ. ಅದನ್ನು ಓದುವ ತಾಳ್ಮೆಯಿದ್ದರೆ ಗಂಡಾಂತರ ಅಲ್ಲಿಗೇ ತಪ್ಪಿತು. ಡ್ರೈವನ್ನು ಸಿಕ್ಕಿಸಿದ ಮಾತ್ರಕ್ಕೆ ಲಿನಕ್ಸಿನಲ್ಲಿ ಅದು ತಾನಾಗಿ ಓಡದು. ವೈನ್ ಇರುವ ಯಂತ್ರದಲ್ಲಿ ಎರಡು ಬಾರಿ ಒತ್ತಿದರೆ ಮಾತ್ರ ಅನೇಕ ಕಡೆ ಓಡಿಬಿಡುತ್ತದೆ. ತನ್ನ ಯಂತ್ರಕ್ಕೆ ಏನೂ ಆಗದಿದ್ದರೂ, ಅದೇ ಡ್ರೈವಿನ ಮೂಲಕ ಮುಂದಿನವರಿಗೆ ರೋಗವನ್ನು ಹಂಚುವ ವಾಹಕತ್ವವು ಅವನಿಗೆ ತಪ್ಪದು.

ಆದಕಾರಣ ವೈನ್ ಬಳಸಲೇಬೇಕಾದ ಕಡೆ ಕೆಲವು ವ್ಯವಸ್ಥೆಗಳು ಆವಶ್ಯಕ. ಮುಖ್ಯವಾದುದು, ಆ ಕೆಲಸಕ್ಕಾಗಿಯೇ ಯಂತ್ರದಲ್ಲಿ ಬೇರೊಬ್ಬ ಬಳಕೆದಾರನನ್ನು ಸೃಷ್ಟಿಸಿ, ಶಾಲೆಯ ದಾಖಲೆಗಳನ್ನು ತೆರೆಯುವ ಅಧಿಕಾರವನ್ನು ಅವನಿಗೆ ಕೊಡದಿರುವುದು. ಯಂತ್ರದ ಸರ್ವಾಧಿಕಾರಿಯಾದ 'ರೂಟ್' ಹೆಸರಿನಲ್ಲಂತೂ ವೈನನ್ನು ಎಂದೂ ಓಡಿಸಕೂಡದು. ಅದರ ಸಿದ್ಧತಾಪುಟದಲ್ಲಿ 'ಝಡ್' ಡ್ರೈವನ್ನೂ ದಾಖಲೆಗಳ ಸಂಪುಟದ ಕೊಂಡಿಯನ್ನೂ ತೆಗೆಯಬಹುದು. ಆದರೆ ಇದು ಬೇಲಿಯೇ ಹೊರತು ಕೋಟೆಯಲ್ಲ, ದುಭಾಷಿಯನ್ನು ಬದಿಗಿಟ್ಟು ನೇರವಾಗಿ ಲಿನಕ್ಸಿನೊಡನೆ ಮಾತನಾಡಬಲ್ಲ ರೋಗಾಣುವನ್ನು ಅದು ತಡೆಯದು. ಬಂದ ಪೆನ್ ಡ್ರೈವನ್ನು ಉಚಿತವಾದ 'ಕ್ಲಾಮ್ ಎವಿ'ಯಿಂದ ಪರೀಕ್ಷಿಸುವುದು ಒಳಿತು. ಶಂಕೆ ಬಂದರೆ ವೈನ್‌ನ ಗುಪ್ತ ಸಂಪುಟವನ್ನು ಅಳಿಸಿ ಹೊಸದಾಗಿ ಕಟ್ಟಬೇಕು. ಹಾಗೆ ಮಾಡದಿದ್ದರೆ ಮುಂದಿನ ಸಲ ವೈನ್ ಎದ್ದಾಗ ಅದರೊಡನೆ ರೋಗಾಣುವೂ ಏಳಬಹುದು. ದಾಖಲೆಗಳ ಪ್ರತಿಯೊಂದನ್ನು ಯಂತ್ರಕ್ಕೆ ಸಿಕ್ಕಿಸದೆ ಬೀರುವಿನಲ್ಲಿ ಬೀಗಹಾಕಿ ಇಡುವ ಪದ್ಧತಿಗೆ ಮಾತ್ರ ಸಾಟಿಯಿಲ್ಲ. ಇದು ಗುಮಾಸ್ತರ ಹಳೆಯ ಬುದ್ಧಿವಂತಿಕೆಯೇ.

ದುಭಾಷಿಯೇ ಬೇಡವಾಗುವ ದಾರಿಯೂ ಇದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಿಂದಲೇ ಸ್ಥಾನವಿದ್ದು, ಇಂದಿನ ಲಿನಕ್ಸಿನಲ್ಲಿ ಕ-ಗ-ಪ ಕೀಲಿಮಣೆ ಸಿದ್ಧವಾಗಿ ದೊರೆಯುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸ ಹೆಚ್ಚು ಬೇಕಾಗದು. ಉಳಿಯುವುದು ಹಳೆಯ ಕಡತಗಳ ಪ್ರಶ್ನೆ. ಅವುಗಳನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಆದರೆ ಹಳೆಯ ವಿನ್ಯಾಸದಲ್ಲಿ ಅಕ್ಷರವು ಬಿಡಿ ತುಂಡುಗಳಾಗಿ, ಕಣ್ಣಿಗೆ ಕಾಣುವ ಕ್ರಮದಲ್ಲಿ ಕುಳಿತಿರುತ್ತದೆ. 'ಧರ್ಮ'ದ ಅರ್ಕಾವತ್ತು ಅಲ್ಲಿ ಮಕಾರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರವೇ ಮೊದಲು. ಪರಿವರ್ತಕವು ಇಂಥಲ್ಲಿ ಎಡವಬಹುದು, ಒತ್ತಕ್ಷರಗಳನ್ನು ಸ್ಥಾನಪಲ್ಲಟ ಮಾಡಬಹುದು. ವಿದ್ಯಾರ್ಥಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಮುಂದೆ ಅವನ ಪ್ರಮಾಣಪತ್ರಗಳಲ್ಲಿ ತೊಡಕಾಗುತ್ತದೆ. ಆದ್ದರಿಂದ ತಿರುಗಿಸಿದ ಪ್ರತಿಯನ್ನು ಮೂಲದೊಡನೆ ಇಟ್ಟು ಸಾಲುಸಾಲಾಗಿ ಓದಿ ತಿದ್ದಬೇಕಾಗುತ್ತದೆ. ಆ ಕೆಲಸಕ್ಕೆ ಗಣಕಯಂತ್ರದ ಪರಿಣತಿ ಬೇಕಾಗಿಲ್ಲ, ಕನ್ನಡ ಬಲ್ಲ ಇಬ್ಬರು ಅಧ್ಯಾಪಕರೂ ಬೇಸಗೆಯ ರಜೆಯ ಕೆಲವು ಮಧ್ಯಾಹ್ನಗಳೂ ಸಾಕು.