ಸೋಣದಲ್ಲಿ ಗೋರಂಟಿಗೆ ಕತ್ತಿ ಬೇಡ

"ಅಜ್ಜ, ಇದು ಗೋರಂಟಿ ಅಂದ್ರಲ್ಲ, ಎಲೆ ಅರೆದು ಕೈಗೆ ಹಚ್ಚಿಕೊಳ್ಳಲಾ?"

ದೀಪಾವಳಿ ರಜೆಗೆ ಬೆಂಗಳೂರಿನಿಂದ ಅಂಬಲಪಾಡಿಗೆ ಬಂದಿದ್ದ ಮೊಮ್ಮಗಳು ಬಾವಿಕಟ್ಟೆಯ ಪಕ್ಕದ ಗಿಡ ತೋರಿಸಿ ಕೇಳಿದಳು. ನನಗೆ ನಗು ಬಂತು. ಅವಳದ್ದೇನೂ ತಪ್ಪಿಲ್ಲ. ಘಟ್ಟದ ಮೇಲೆ ಹಲವು ಕಡೆ ಗೋರಂಟಿ ಎಂದರೆ ಮದರಂಗಿ. ನಮ್ಮಲ್ಲಿ ಮದರಂಗಿ ಬೇರೆ, ಗೋರಂಟಿ ಬೇರೆ. ನಮ್ಮ ಗೋರಂಟಿಯ ಎಲೆ ಎಷ್ಟು ಅರೆದರೂ ಕೈ ಕೆಂಪಾಗದು. ಅದರ ಚಂದವೆಲ್ಲ ಹೂವಿನಲ್ಲಿ.

ಮಳೆ ಹಿಂದೆ ಸರಿದು, ಬೆಳಗಿನ ಹೊತ್ತು ಸ್ವಲ್ಪ ಚಳಿ ಶುರುವಾದಾಗ ಈ ಗಿಡ ಮೊಗ್ಗು ಬಿಡುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಮೊದಲ ಹೂ. ಅಲ್ಲಿಂದ ಮಕರ ಸಂಕ್ರಾಂತಿಯವರೆಗೂ ದಿನವೂ ಹೂ. ನೀಲಿ ಎಂದರೂ ಅಚ್ಚ ನೀಲಿಯಲ್ಲ, ನೇರಳೆ ಬೆರೆತ ನೀಲಿ. ಬಿಳಿ ಹೂ ಬಿಡುವ ಗಿಡವೂ ಇದೆ, ಬಿಳಿಯ ಮೇಲೆ ನೇರಳೆ ಗೆರೆ ಎಳೆದಂತಿರುವುದೂ ಇದೆ. ಪರಿಮಳವಿಲ್ಲ. ಆದರೆ ಚಳಿಗಾಲದಲ್ಲಿ ಮಲ್ಲಿಗೆ ಕಡಿಮೆಯಾಗಿ ಕ್ರಯ ಏರಿದಾಗ ನಮ್ಮ ಮನೆಯ ದೇವರಿಗೂ ಹೆಣ್ಣುಮಕ್ಕಳ ಮುಡಿಗೂ ಒದಗುವುದು ಇದೇ ಹೂ.

ಹೆಸರಿನ ಕಥೆ

ಮಕ್ಕಳೇ, ಈ ಗಿಡದ ಸಸ್ಯಶಾಸ್ತ್ರೀಯ ಹೆಸರು ಬಾರ್ಲೇರಿಯ ಕ್ರಿಸ್ಟಾಟಾ. 1753ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಇಟ್ಟದ್ದು. ಝಾಕ್ ಬಾರೆಲಿಯೇ ಎಂಬ ಫ್ರೆಂಚ್ ಸಂನ್ಯಾಸಿಯೊಬ್ಬರು ಸಸ್ಯಗಳ ಅಭ್ಯಾಸ ಮಾಡಿದ್ದರು, ಬಾರ್ಲೇರಿಯ ಎಂಬುದು ಅವರ ನೆನಪಿಗೆ. ಕ್ರಿಸ್ಟಾಟಾ ಎಂದರೆ ಜುಟ್ಟು ಇರುವುದು. ಇಂಗ್ಲಿಷಿನಲ್ಲಿ ಇದನ್ನು 'ಫಿಲಿಪೈನ್ ವಯೊಲೆಟ್' ಎನ್ನುವುದುಂಟು. ಆದರೆ ಇದರ ತವರು ಫಿಲಿಪೈನ್ಸ್ ಅಲ್ಲ. ಇದು ನಮ್ಮ ಭಾರತ ಮತ್ತು ಸುತ್ತಲಿನ ದೇಶಗಳದ್ದೇ ಗಿಡ. ಅಬ್ಬಲಿಗೆ, ಆಡುಸೋಗೆ ಇವೆಲ್ಲ ಇದರ ನೆಂಟರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಮುನ್ನಾರಿನ ನೀಲಕುರಿಂಜಿಯೂ ಇದೇ ಕುಟುಂಬದ್ದು. ಅದು 2018ರಲ್ಲಿ ಅರಳಿತ್ತು, ಮತ್ತೆ ನೋಡಲು 2030ರವರೆಗೆ ಕಾಯಬೇಕು. ನಮ್ಮ ಗೋರಂಟಿ ಅಷ್ಟು ಕಾಯಿಸುವುದಿಲ್ಲ, ಪ್ರತಿವರ್ಷ ಅರಳುತ್ತದೆ.

ಮಳೆಯೂರಿನ ಬರ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಇಲ್ಲಿ ಬರ ತಡೆಯುವ ಗಿಡ ಯಾಕೆ ಎಂದು ಕೇಳಬಹುದು. ಆ ಮಳೆಯ ಬಹುಪಾಲು ಬರುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ನೆಲ ನೀರನ್ನು ಹೆಚ್ಚು ದಿನ ಹಿಡಿದಿಡುವುದಿಲ್ಲ. ಮೇ ತಿಂಗಳಿಗೆ ಬಾವಿಯ ತಳ ಕಾಣುತ್ತದೆ. 2019ರ ಬೇಸಗೆಯಲ್ಲಿ ಉಡುಪಿ ನಗರಕ್ಕೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲೂ ನೀರು ತೀರಾ ಇಳಿದಿತ್ತು. ಆ ವರ್ಷ ನಮ್ಮ ಚಟ್ಟಿಯ ಗುಲಾಬಿಗಳು ಸತ್ತವು, ಬಸಳೆ ಚಪ್ಪರ ಒಣಗಿತು. ಗೋರಂಟಿ ಕೆಳಗಿನ ಎಲೆಗಳನ್ನೆಲ್ಲ ಉದುರಿಸಿ ಕಡ್ಡಿಯಂತೆ ನಿಂತಿತು. ಸತ್ತಿತೆಂದೇ ತಿಳಿದಿದ್ದೆ. ಜೂನ್ ಮಳೆ ಬಿದ್ದ ಹತ್ತು ದಿನಕ್ಕೆ ಬುಡದಿಂದ ಚಿಗುರಿತು.

ಇದಕ್ಕೆ ನೀರು ಕಡಿಮೆಯಾದರೆ ಅಪಾಯವಿಲ್ಲ, ಹೆಚ್ಚಾದರೆ ಅಪಾಯ. ಒಮ್ಮೆ ತಳದಲ್ಲಿ ತೂತಿಲ್ಲದ ಬಕೆಟ್ಟಿನಲ್ಲಿ ಒಂದು ಸಸಿ ನೆಟ್ಟು, ಪ್ರೀತಿಯಿಂದ ದಿನವೂ ನೀರು ಹೊಯ್ದೆ. ಒಂದೇ ತಿಂಗಳಲ್ಲಿ ಬೇರು ಕೊಳೆತು ಹೋಯಿತು.

ನಾನು ಮಾಡಿದ ತಪ್ಪು

ಈ ಗಿಡ ನೆಟ್ಟದ್ದು ನನ್ನ ಅಮ್ಮ. ಕಾರ್ತಿಕ ಮಾಸದಲ್ಲಿ ಬೆಳಗ್ಗೆ ಬುಟ್ಟಿ ಹಿಡಿದು ಬಂದು ಗೋರಂಟಿ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ತುಳಸಿಕಟ್ಟೆಗೆ ಹಾಕುವುದು ಅವರ ರೂಢಿ. ನಾಲ್ಕು ವರ್ಷದ ಹಿಂದೆ, ಚೌತಿಗೆ ನೆಂಟರು ಬರುತ್ತಾರೆಂದು ನಾನು ಅಂಗಳ ಚೊಕ್ಕ ಮಾಡಲು ಹೊರಟೆ. ಗೋರಂಟಿ ಅಡ್ಡಾದಿಡ್ಡಿ ಬೆಳೆದು ದಾರಿಗೆ ಬಾಗಿತ್ತು. ಕತ್ತಿ ತಂದು ಮೇಲಿನದ್ದೆಲ್ಲ ಸಪಾಟಾಗಿ ಕಡಿದುಬಿಟ್ಟೆ. ಆಗ ಸೋಣ ತಿಂಗಳು. ನೋಡಿದವರೆಲ್ಲ ಗಿಡ ಚಂದ ಆಯಿತು ಎಂದರು.

ದೀಪಾವಳಿ ಬಂತು, ಹೂವಿಲ್ಲ. ತುಳಸಿಪೂಜೆ ಬಂತು, ಎಲ್ಲೋ ಬುಡದಲ್ಲಿ ನಾಲ್ಕು ಹೂ. ಅಮ್ಮ ಖಾಲಿ ಬುಟ್ಟಿ ಹಿಡಿದು ಒಳಗೆ ಬಂದರು.

"ಸೋಣದಲ್ಲಿ ಯಾರಾದರೂ ಗೋರಂಟಿಗೆ ಕತ್ತಿ ಹಾಕ್ತಾರಾ ಮಗಾ?"

"ಇರಲಿ ಅಮ್ಮ, ಬರುವ ವರ್ಷ ಹೂ ಬರ್ತದಲ್ಲ" ಎಂದೆ.

"ನಿನಗೆ ಬರುವ ವರ್ಷ ಅಂದ್ರೆ ಹತ್ತಿರ. ನನಗೆ ಎಂಬತ್ತನಾಲ್ಕು."

ಅಷ್ಟೇ ಹೇಳಿ ಮಲ್ಲಿಗೆ ತರಲು ಹಣ ಕೊಟ್ಟರು. ಆ ದಿನದಿಂದ ಈ ಗಿಡವನ್ನು ಸರಿಯಾಗಿ ನೋಡಲು ಕಲಿತೆ.

ಯಾವಾಗ ಕತ್ತರಿಸಬೇಕು?

ಗೋರಂಟಿಯ ಹೂ ಬರುವುದು ಆ ವರ್ಷ ಚಿಗುರಿದ ಹೊಸ ಗೆಲ್ಲುಗಳ ತುದಿಯಲ್ಲಿ ಮತ್ತು ಎಲೆಯ ಸಂದಿನಲ್ಲಿ. ಮಳೆಗಾಲದ ಕೊನೆಗೆ ಆ ತುದಿಗಳು ಮೊಗ್ಗಿಗೆ ತಯಾರಾಗುತ್ತವೆ. ಆಗ ಕಡಿದರೆ ನಾವು ಕಡಿಯುವುದು ಹೂವನ್ನೇ. ಅಮ್ಮ ಹೇಳಿಕೊಟ್ಟ ಲೆಕ್ಕ ಹೀಗಿದೆ:

ಮೊದಲನೆಯದು, ಹೂ ಮುಗಿದ ಮೇಲೆ, ಫೆಬ್ರವರಿಯಲ್ಲಿ. ಗಿಡವನ್ನು ನೆಲದಿಂದ ಒಂದು, ಒಂದೂವರೆ ಅಡಿ ಬಿಟ್ಟು ಕತ್ತರಿಸಬೇಕು. ಒಣಗಿದ, ಒಂದಕ್ಕೊಂದು ತಾಗುವ ಗೆಲ್ಲುಗಳನ್ನು ಬುಡದಿಂದಲೇ ತೆಗೆಯಬೇಕು. ಎಲೆ ಕಡಿಮೆಯಾದರೆ ಬೇಸಗೆಯಲ್ಲಿ ಗಿಡಕ್ಕೆ ಬೇಕಾಗುವ ನೀರೂ ಕಡಿಮೆ. ಬುಡಕ್ಕೆ ತರಗೆಲೆ ಹೊದಿಸಿ.

ಎರಡನೆಯದು, ಜೂನ್, ಜುಲೈಯಲ್ಲಿ. ಹೊಸ ಚಿಗುರು ಒಂದು ಗೇಣು ಉದ್ದವಾದಾಗ ಕುಡಿಯನ್ನು ಉಗುರಿನಲ್ಲಿ ಚಿವುಟಬೇಕು. ಒಂದು ಕುಡಿ ಚಿವುಟಿದರೆ ಅದರ ಕೆಳಗಿನಿಂದ ಎರಡು ಗೆಲ್ಲು ಬರುತ್ತದೆ. ಗೆಲ್ಲು ಹೆಚ್ಚಾದರೆ ಹೂವೂ ಹೆಚ್ಚು. ಒಂದು ಬೊಗಸೆ ಹಟ್ಟಿಗೊಬ್ಬರ ಸಾಕು, ಜಾಸ್ತಿ ಹಾಕಿದರೆ ಬರೀ ಸೊಪ್ಪು ಬೆಳೆಯುತ್ತದೆ.

ಆಟಿ ಕಳೆದ ಮೇಲೆ ಕತ್ತರಿ, ಕತ್ತಿ ಎರಡನ್ನೂ ಒಳಗಿಡಿ. ದಾರಿಗೆ ಬಾಗಿದರೆ ಹಗ್ಗದಿಂದ ಎತ್ತಿ ಕಟ್ಟಿ.

ಚಳಿಯ ದೇಶಗಳಲ್ಲೂ ಇಂಥದೇ ಒಂದು ಗಿಡವಿದೆ, ಕ್ಯಾರಿಯಾಪ್ಟೆರಿಸ್ ಎಂದು ಅದರ ಹೆಸರು. ಅದೂ ನೀರು ಕಡಿಮೆ ಬೇಡುವ, ಬೇಸಗೆ ಮುಗಿಯುವಾಗ ನೀಲಿ ಹೂ ಬಿಡುವ ಗಿಡ. ಅಲ್ಲಿಯವರು ಚಳಿ ಮುಗಿದು ಚಿಗುರುವ ಮುಂಚೆ ಅದನ್ನು ಗಿಡ್ಡ ಮಾಡುತ್ತಾರೆ. ಹೂ ಹೊಸ ಗೆಲ್ಲಿನಲ್ಲೇ ಬರುವುದರಿಂದ ಅಲ್ಲಿಗೂ ಇಲ್ಲಿಗೂ ನಿಯಮ ಒಂದೇ.

ಮಕ್ಕಳಿಗೊಂದು ಕೆಲಸ

ಮಳೆ ಹಿಡಿದ ಮೇಲೆ, ತೀರಾ ಎಳೆಯದೂ ತೀರಾ ಬಲಿತದ್ದೂ ಅಲ್ಲದ ಗೆಲ್ಲನ್ನು ಒಂದು ಗೇಣು ಉದ್ದಕ್ಕೆ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಮಣ್ಣು ಮತ್ತು ಹೊಯಿಗೆ ಬೆರೆಸಿದ ಚಟ್ಟಿಯಲ್ಲಿ ಎರಡು ಗಂಟು ಮುಳುಗುವಂತೆ ಊರಿ, ನೆರಳಿನಲ್ಲಿಡಿ. ಸುಮಾರು ಒಂದು ತಿಂಗಳಲ್ಲಿ ಬೇರು ಬರುತ್ತದೆ. ಬೀಜದಿಂದಲೂ ಗಿಡವಾಗುತ್ತದೆ. ಒಣಗಿದ ಕಾಯಿ ಚಟ್ಟೆಂದು ಸಿಡಿದು, ಒಳಗಿನ ಚಪ್ಪಟೆ ಬೀಜಗಳನ್ನು ದೂರ ಎಸೆಯುತ್ತದೆ. ಎಲೆಯಲ್ಲಿ ಮುಳ್ಳುಮುಳ್ಳಾದ ಕಪ್ಪು ಹುಳ ಕಂಡರೆ ಮದ್ದು ಹೊಡೆಯಬೇಡಿ. ಅದು ಲೆಮನ್ ಪ್ಯಾನ್ಸಿ ಎಂಬ ಚಿಟ್ಟೆಯ ಮರಿಯಿರಬಹುದು. ನಾಲ್ಕು ಎಲೆ ತಿಂದರೆ ಗಿಡಕ್ಕೇನೂ ನಷ್ಟವಿಲ್ಲ.

ಅಮ್ಮನಿಗೆ ಈಗ ಎಂಬತ್ತೆಂಟು. ಬಗ್ಗಿ ಹೂ ಕೊಯ್ಯಲು ಆಗುವುದಿಲ್ಲ. ಈ ದೀಪಾವಳಿಗೆ ಮೊಮ್ಮಗಳು ಕೊಯ್ದು ತಂದಳು, ಅಮ್ಮ ಜಗಲಿಯಲ್ಲಿ ಕೂತು ಕಟ್ಟಿದರು.

"ದೊಡ್ಡಜ್ಜಿ, ನಾನು ಬೆಂಗಳೂರಲ್ಲಿ ಇದನ್ನ ನೆಡ್ತೇನೆ. ಯಾವಾಗ ಕಟ್ ಮಾಡಬೇಕು?"

ಅಮ್ಮ ನನ್ನ ಕಡೆ ನೋಡಿದರು. "ನಿನ್ನ ಅಜ್ಜನನ್ನು ಕೇಳು. ಅವನಿಗೆ ಸರಿಯಾಗಿ ಗೊತ್ತುಂಟು."