ಕೀಲುನೋವಿಗೆ ಮನಸ್ಸಿನ ಗುಳಿಗೆಯೇ?

ಗುಡೂರು, ಇಳಕಲ್ಲಿನ ಸೀಮೆಯಲ್ಲಿ ಕುಣಿಮಗ್ಗದಲ್ಲಿ ಕುಳಿತು ಸೀರೆ ನೇಯುವವರಿಗೆ ಮೊಣಕಾಲು ಹಿಡಿಯಿತೆಂದರೆ ಮಗ್ಗವೇ ನಿಂತಂತೆ. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆಗೆಟ್ಟು ಮನಸ್ಸು ಕುಗ್ಗುತ್ತದೆ. ಕುಗ್ಗಿದ ಮನಸ್ಸಿಗೆ ಅದೇ ನೋವು ಇಮ್ಮಡಿಯಾಗಿ ತೋರುತ್ತದೆ. ಇಂಥವರಿಗೆ ವೈದ್ಯರು ಡುಲೊಕ್ಸೆಟಿನ್ ಬರೆದುಕೊಟ್ಟರೆ, ಅದು ಖಿನ್ನತೆಯ ಔಷಧವೆಂದು ತಿಳಿದೊಡನೆ ಮನೆಯವರು “ನಮ್ಮವರಿಗೇನು ಹುಚ್ಚೇ?” ಎಂದು ಗುಳಿಗೆಯನ್ನು ಗೋಡೆಯ ಮಾಡದಲ್ಲಿಟ್ಟು ಮರೆಯುವುದುಂಟು. ಈ ಸಂಕೋಚಕ್ಕೆ ಆಧಾರವಿಲ್ಲವೆಂದು ನಾವು ಹೇಳಬಯಸುತ್ತೇವೆ.

ಮೆದುಳಿನಿಂದ ಬೆನ್ನುಹುರಿಗಿಳಿದು ನೋವಿನ ಸುದ್ದಿಯನ್ನು ತಡೆಯುವ ನರಗಳಿವೆ. ಅವುಗಳಿಗೆ ಬೇಕಾದ ಸಿರೊಟೊನಿನ್, ನಾರ್‌ಅಡ್ರಿನಲಿನ್ ಎಂಬ ದ್ರವ್ಯಗಳು ಹೆಚ್ಚು ಹೊತ್ತು ಉಳಿಯುವಂತೆ ಈ ಔಷಧವು ಮಾಡುತ್ತದೆ. ಆದುದರಿಂದ ಖಿನ್ನತೆಯಿಲ್ಲದವರಿಗೂ ಇದು ಫಲಕೊಡಬಹುದು. ಅಮೆರಿಕದ ಔಷಧ ಇಲಾಖೆಯು ದೀರ್ಘಕಾಲದ ಎಲುಬು-ಸ್ನಾಯುಗಳ ನೋವಿಗೆ ಇದನ್ನು 2010ರಲ್ಲಿಯೇ ಒಪ್ಪಿತು.

ಹಾಗೆಂದು ಇದು ಸಂಜೀವಿನಿಯಲ್ಲ. ಸವೆದ ಕೀಲನ್ನು ಸರಿಪಡಿಸದು. 2022ರ ಕಾಕ್ರೇನ್ ಸಮೀಕ್ಷೆಯಂತೆ, ಮೊಣಕಾಲು, ಸೊಂಟದ ಕೀಲು ಸವೆದವರಲ್ಲಿ ನೋವು ಅರ್ಧದಷ್ಟಾದರೂ ಇಳಿದವರು, ಇಂಥ ಔಷಧ ಪಡೆದ ನೂರರಲ್ಲಿ ಸುಮಾರು 45 ಮಂದಿ; ಹುಸಿಗುಳಿಗೆ ಪಡೆದ ನೂರರಲ್ಲಿ 29. ಅಂತರ ಸಣ್ಣದೇ, ಆದರೆ ಮಗ್ಗವನ್ನು ನಂಬಿದ ಮನೆಗೆ ಅದೂ ದೊಡ್ಡದು.

ಗುಣ ಕಾಣಲು ಕೆಲವು ವಾರ ಬೇಕು. ಮೊದಮೊದಲು ಓಕರಿಕೆ, ಬಾಯೊಣಗುವುದು ಸಾಮಾನ್ಯ. ಥಟ್ಟನೆ ಬಿಟ್ಟರೆ ತಲೆಸುತ್ತು, ಕಳವಳ ಕಾಣಬಹುದು. ವೈದ್ಯರನ್ನು ಕೇಳಿ ಮೆಲ್ಲಗೆ ಇಳಿಸಬೇಕು. ಯಕೃತ್ತಿನ ಬೇನೆ, ಮದ್ಯದ ಅಭ್ಯಾಸ, ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆ, ಇವನ್ನು ಮರೆಮಾಚದೆ ಅವರಿಗೆ ತಿಳಿಸತಕ್ಕದ್ದು. ಏಕೆಂದರೆ ಆ ಗುಳಿಗೆಗಳ ಜೊತೆ ರಕ್ತಸ್ರಾವದ ಭಯವಿದೆ. ಬದುಕೇ ಬೇಡವೆನ್ನುವಷ್ಟು ಮನಸ್ಸು ಕುಗ್ಗಿದರೆ ತಡಮಾಡದೆ 14416ಕ್ಕೆ ದೂರವಾಣಿ ಮಾಡಬಹುದು. 2022ರಲ್ಲಿ ಆರಂಭವಾದ ಈ ಸರಕಾರಿ ಸೇವೆ ಕನ್ನಡದಲ್ಲಿಯೂ ದೊರೆಯುತ್ತದೆ, ಹಣ ಕೊಡಬೇಕಿಲ್ಲ.