ಗದ್ದೆ ಬದುವಿನ ಚರಿತ್ರೆ

ಮಂಡ್ಯ, ಮದ್ದೂರು, ಮಳವಳ್ಳಿ: ಹೆದ್ದಾರಿ ಬಿಟ್ಟು ಕೆಳಗಿಳಿದು ನಡೆದವರಿಗೆ ಸಿಗುವ ಸಾವಿರ ವರ್ಷಗಳ ಕಥೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಸಾಗುವವರಿಗೆ ಮದ್ದೂರೆಂದರೆ ವಡೆ, ಮಂಡ್ಯವೆಂದರೆ ಕಬ್ಬು. ಈ ಸೀಮೆಯ ಚರಿತ್ರೆ ಕಾಣಬೇಕಾದರೆ ಕಾರು ನಿಲ್ಲಿಸಿ ಕೆರೆ ಏರಿ, ನಾಲೆ ದಂಡೆ, ಹೊಳೆ ದಡ ಹಿಡಿದು ನಡೆಯಬೇಕು. ಇಲ್ಲಿ ರಾಜರಷ್ಟೇ ಹಕ್ಕಿನಿಂದ ರೈತರೂ ಸೈನಿಕರೂ ಒಂದು ನಾಯಿಯೂ ಚರಿತ್ರೆಯೊಳಗಿದ್ದಾರೆ.

ಆತಕೂರಿನ ಕಾಳಿ

ಮೊದಲ ನಡಿಗೆ ಮದ್ದೂರು ತಾಲ್ಲೂಕಿನ ಆತಕೂರಿಗೆ. ಕ್ರಿ.ಶ. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಇಮ್ಮಡಿ ಬೂತುಗ ಸೇರಿ ಚೋಳರನ್ನು ಸೋಲಿಸಿದರು. ಆ ಯುದ್ಧದಲ್ಲಿ ತನ್ನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಬೂತುಗ, ಬೇಕಾದ್ದು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೊಮ್ಮೆ ಕಾಳಿ ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಸೆಣಸಿತು, ಎರಡೂ ಸತ್ತವು. ಮಣಲೇರ ಊರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗೆ ಕಲ್ಲು ನೆಡಿಸಿದ, ಕೆರೆಯ ಕೆಳಗೆ ಭೂಮಿ ಬಿಟ್ಟ. ಕಲ್ಲಿಗೆ ಪೂಜೆ ಸಲ್ಲಿಸದೆ ಗುಡಿಯ ಪೂಜಾರಿ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ಎಂದೂ ಬರೆಸಿದ. ನಾಯಿಯೂ ಹಂದಿಯೂ ಮುಖಾಮುಖಿಯಾಗಿ ಕಾದುವ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿ ಅದನ್ನು ಕಣ್ತುಂಬ ನೋಡಿ ಬಂದು ಇಲ್ಲಿ ನಡೆದರೆ, ಶಾಸನದ ಗುಡಿ, ಕೆರೆ, ಗದ್ದೆಗಳಿಗೆ ಜೀವ ಬರುತ್ತದೆ.

ಶಿಂಷಾ ದಡದ ಬಾವುಟ

ಮದ್ದೂರಿಗೆ ಅಂಟಿಕೊಂಡೇ ಇರುವ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಸೇರಿತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ನಿಷೇಧಾಜ್ಞೆ ಮೀರಿ ತ್ರಿವರ್ಣ ಧ್ವಜ ಹಾರಿಸಿ ಬಂಧನಕ್ಕೊಳಗಾದರು. ಸುತ್ತಲ ಹಳ್ಳಿಗಳಿಂದ ಜನ ಹರಿದುಬಂದಿದ್ದರು. ಅದರ ನೆನಪಿನ ಸತ್ಯಾಗ್ರಹ ಸೌಧ ನೋಡಿ ಹೊಳೆ ಕಡೆಗೆ ಹೆಜ್ಜೆ ಹಾಕಿದರೆ, ರಾಜಧಾನಿಗಳಲ್ಲೇ ಸ್ವಾತಂತ್ರ್ಯ ಹೋರಾಟ ನಡೆಯಿತೆಂಬ ಭಾವನೆ ಕಳಚಿಬೀಳುತ್ತದೆ.

ಬಸರಾಳಿನಿಂದ ನಾಲೆಯವರೆಗೆ

ಮಂಡ್ಯ ತಾಲ್ಲೂಕಿನ ಬಸರಾಳಿನಲ್ಲಿ ಹೊಯ್ಸಳ ದಂಡನಾಯಕ ಹರಿಹರ 1234ರಲ್ಲಿ ಕಟ್ಟಿಸಿದ ಮಲ್ಲಿಕಾರ್ಜುನ ದೇಗುಲವಿದೆ. ಗೋಡೆಯ ಶಿಲ್ಪಗಳನ್ನು ನಿಧಾನವಾಗಿ ಸುತ್ತಿ ನೋಡಬೇಕು. ಇಲ್ಲಿಂದ ಏಳು ಶತಮಾನ ದಾಟಿದರೆ ವಿಶ್ವೇಶ್ವರಯ್ಯ ನಾಲೆ. ಹಿಂದೆ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇದು 1930ರ ದಶಕದಲ್ಲಿ ಕನ್ನಂಬಾಡಿ ಅಣೆಕಟ್ಟೆಯ ನೀರು ತಂದಿತು. ಮಳೆ ನಂಬಿದ ರಾಗಿ ಹೊಲಗಳಲ್ಲಿ ಕಬ್ಬು, ಭತ್ತ ಎದ್ದವು. 1933ರಲ್ಲಿ ಮೈಷುಗರ್ ಕಂಪನಿ, 1939ರಲ್ಲಿ ಮಂಡ್ಯ ಜಿಲ್ಲೆ ಹುಟ್ಟಿದವು. ದಂಡೆಯ ಒಂದು ಕಡೆ ಗದ್ದೆ, ದೂರದಲ್ಲಿ ಆಲೆಮನೆಯ ಹೊಗೆ: ಒಂದು ನಾಲೆ ಜಿಲ್ಲೆಯನ್ನೇ ಹೇಗೆ ಬದಲಿಸಿತೆಂದು ಇದಕ್ಕಿಂತ ಚೆನ್ನಾಗಿ ಯಾವ ಪಾಠವೂ ಹೇಳದು.

ಮಳವಳ್ಳಿಯ ಬಯಲು

1799ರ ಮಾರ್ಚ್ 27ರಂದು ಟಿಪ್ಪು ಸುಲ್ತಾನ್ ಸೇನೆ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೇನೆಯನ್ನು ಎದುರಿಸಿದ್ದು ಮಳವಳ್ಳಿ ಬಳಿ. ಮುಂದಿನ ಮೇ ತಿಂಗಳಲ್ಲೇ ಶ್ರೀರಂಗಪಟ್ಟಣ ಬಿತ್ತು. ಇದೇ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು.

ನಡೆಯುವ ಮುನ್ನ

ಮಳೆಗಾಲ ಮುಗಿದ ಮೇಲೆ, ಬೆಳಿಗ್ಗೆ ಬೇಗ ಹೊರಡಿ. ನಾಲೆಗೆ ನೀರು ಬಿಟ್ಟಾಗ ಅಂಚಿಗೆ ಹೋಗಬೇಡಿ. ಬೆಳೆಯಿರುವ ಹೊಲ ತುಳಿಯದೆ, ಯಜಮಾನರನ್ನು ಕೇಳಿ ದಾಟಿ. ಬದುವಿನಲ್ಲಿ ವೀರಗಲ್ಲು ಕಂಡರೆ ಸುಣ್ಣ, ಬಣ್ಣ ಬಳಿಯದೆ ಫೋಟೊ ತೆಗೆದು ಪಂಚಾಯಿತಿಗೂ ಊರಿನ ಶಾಲೆಗೂ ತಿಳಿಸಿ. ಮೇಷ್ಟ್ರು ಮಕ್ಕಳನ್ನು ವರ್ಷಕ್ಕೊಮ್ಮೆ ಆ ಕಲ್ಲಿನವರೆಗೆ ನಡೆಸಿಕೊಂಡು ಹೋಗಿ ಕಥೆ ಹೇಳಿದರೆ ಸಾಕು, ನಾಳೆ ಅದನ್ನು ಕಿತ್ತು ಚರಂಡಿಗೆ ಹಾಸಲು ಬಂದವರನ್ನು ಆ ಮಕ್ಕಳೇ ತಡೆಯುತ್ತಾರೆ.